ಮರಿಯಪ್ಪ ಮೇಷ್ಟ್ರ ಅಟ್ಟ

ಅಂಗಡಿ ಬೋರ್ಡು ಕಂಡರೆ ಮರಿಯಪ್ಪ ಮೇಷ್ಟ್ರು ನಿಂತುಬಿಡುತ್ತಿದ್ದರು. ತಿಪಟೂರಿನ ಬಸ್ಸು ಹೊರಟು ನಿಂತಿದ್ದರೂ ಸರಿಯೇ, ಬೋರ್ಡಿನಲ್ಲಿದ್ದ ಇಂಗ್ಲಿಷ್ ಪದದ ಕುಲಗೋತ್ರ ಹೇಳಿಯೇ ಹತ್ತುತ್ತಿದ್ದರು. ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾಗುತ್ತಿದ್ದ. ಹೊನ್ನವಳ್ಳಿಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಅವರೇ.

ನನ್ನ ಯಜಮಾನರು ಹೋದ ಮೇಲೆ ಮನೆಯ ಗೋಡೆಗೆ ಶೀಟು ಇಳಿಸಿ ದಿನಸಿ ಅಂಗಡಿ ಇಟ್ಟೆ. ಬೋರ್ಡಿನ ವಿಷಯ ಕೇಳಲು ಮೇಷ್ಟ್ರ ಮನೆಗೆ ಹೋದೆ.

"ಸ್ಟೋರ್ಸ್ ಅಂತ ಬರೆಸ್ಲಾ ಸಾರ್?"

"ಬ್ಯಾಡ ಕಣವ್ವ, ಶಾಪ್ ಅಂತ ಬರೆಸು. ಆ ಪದ ಹುಟ್ಟಿದ್ದೇ ಗೋಡೆಗೆ ಒರಗಿಸಿದ ಮಾಡಿನಿಂದ. ನಿಂದೂ ಅದೇ ತಾನೆ? ಸ್ಟೋರ್ ಅಂದ್ರೆ ನಾಳೆಗೆ ಅಂತ ಕೂಡಿಡೋದು." ಮೇಲಕ್ಕೆ ಬೆರಳು ತೋರಿಸಿದರು. "ನಮ್ಮ ಅಟ್ಟ ಐತಲ್ಲ, ಅದು ಸ್ಟೋರು."

ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯನ್ನು ಹೆಚ್ಚುಕಮ್ಮಿ ಒಂದು ವರ್ಷ ಇಳಿಸುವಂತಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಂಡಾಗಿ ಅಲುಗಾಡಬೇಕು. ಮೇಷ್ಟ್ರು ಆಗಾಗ ಏಣಿ ಹತ್ತಿ, ಒಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, "ನೀರಾಡ್ತದೆ. ಇನ್ನೂ ಇರ್ಲಿ ಬುಡು" ಎನ್ನುತ್ತಿದ್ದರು.

ಹೋದ ವರ್ಷ ಒಂದು ದಿನ ನನ್ನ ಅಂಗಡಿಗೆ ಬಂದರು. "ಅದು ಕೊಡವ್ವ... ಬೆಳ್ಳಗಿರ್ತದಲ್ಲ, ಸಾರಿಗೆ ಹಾಕ್ತಾರಲ್ಲ..."

"ಉಪ್ಪಾ ಸಾರ್?"

"ಹ್ಞೂ, ಉಪ್ಪು." ಕಣ್ಣಲ್ಲಿ ನೀರು ಬಂದಿತ್ತು. ಲೋಕದ ಪದಗಳ ಜಾತಕ ಹೇಳುವವರಿಗೆ ಉಪ್ಪಿನ ಹೆಸರೇ ಕೈಕೊಟ್ಟಿತ್ತು.

ಕೆಲವು ತಿಂಗಳ ನಂತರ ಅವರ ಹೆಂಡತಿ ಗಂಗಮ್ಮ ಓಡಿಬಂದರು. "ಬಾರೇ ಒಂಚೂರು, ನಮ್ಮೋರು ಏನ್ ಮಾಡವ್ರೆ ನೋಡು." ಹೋಗಿ ನೋಡಿದರೆ ಅಂಗಳವೆಲ್ಲ ಒದ್ದೆ. ಅಟ್ಟಕ್ಕೆ ಹಾಕಿ ಐದು ತಿಂಗಳೂ ಆಗದ ಕಾಯಿಗಳನ್ನು ಕೈಗೆ ಸಿಕ್ಕಷ್ಟು ಇಳಿಸಿ ಒಡೆದುಹಾಕಿದ್ದರು. ಅತ್ತ ಹಸಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

"ಕೊಬ್ಬರಿ ಆಗೈತೆ ಕಣವ್ವ" ಎಂದು ಮೇಷ್ಟ್ರು ನಕ್ಕರು.

"ಅಯ್ಯೋ, ಎಂಥ ಕೆಲಸ ಮಾಡಿಬಿಟ್ರಿ ಸಾರ್!" ಎಂದುಬಿಟ್ಟೆ. ಅವರ ನಗು ಅಲ್ಲೇ ಆರಿತು. ಕೈಯಲ್ಲಿದ್ದ ಕುಡುಗೋಲನ್ನು ಮೆಲ್ಲಗೆ ಕೆಳಗಿಟ್ಟರು. ಆಗಲೇ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೆ. ಆಮೇಲೆ ಅವರು ಹೆಚ್ಚು ಮಾತಾಡಲೇ ಇಲ್ಲ.

ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನ ಗುರುತು ಸಿಗಲಿಲ್ಲ. ಏನು ತೋಚಿತೋ, ಅಟ್ಟದಲ್ಲಿ ಉಳಿದಿದ್ದ ಕಾಯೊಂದನ್ನು ತಂದು ಅವರ ಕೈಗಿಟ್ಟೆ. ಮೆಲ್ಲಗೆ ಸವರಿದರು. ಕಿವಿಗೆ ಹಿಡಿದು ಅಲ್ಲಾಡಿಸಿದರು.

"ನೀರಾಡ್ತದೆ. ಇನ್ನೂ ಇರ್ಲಿ ಬುಡು."

ಕಾಯನ್ನು ಮತ್ತೆ ಅಟ್ಟದ ಮೂಲೆಯಲ್ಲಿಟ್ಟು ಬಂದೆ. ಅದೇ ವಾರ ಅವರು ತೀರಿಕೊಂಡರು.

ಮೊನ್ನೆ ಗಂಗಮ್ಮ ಕರೆದರು. ಉಳಿದ ಕಾಯಿ ಇಳಿಸುವ ಹೊತ್ತಾಯಿತೇನೋ ನೋಡು ಎಂದರು. ಏಣಿ ಹತ್ತಿ, ಮೇಷ್ಟ್ರು ಕೊನೆಗೆ ಮುಟ್ಟಿದ್ದ ಕಾಯನ್ನು ಹುಡುಕಿ ಕಿವಿಗೆ ಹಿಡಿದೆ. ನೀರಿನ ಸದ್ದಿಲ್ಲ, ಒಳಗೆ ಗುಂಡು ಕೊಬ್ಬರಿ ಲೊಟಲೊಟ ಅಲುಗಿತು.

"ಆಗೈತೇನೇ?" ಕೆಳಗಿನಿಂದ ಗಂಗಮ್ಮ ಕೇಳಿದರು.

"ನೀರಾಡ್ತದಮ್ಮ, ಇನ್ನೂ ಇರ್ಲಿ" ಎಂದು ಸುಳ್ಳು ಹೇಳಿ, ಕಾಯನ್ನು ಇದ್ದಲ್ಲೇ ಇಟ್ಟು ಇಳಿದೆ.