ಒಂದು ಗೇಣು ಕಮ್ಮಿ

ವರ್ಮಾಂಟಿನ ಗುಡ್ಡಗಳಲ್ಲಿ ಊರಿಗೊಬ್ಬನಾದರೂ ಇಂಥ ಮುದುಕ ಇದ್ದೇ ಇರುತ್ತಾನೆ. ಲೂಥರನ ಪಾಲಿಗೆ ಬಂದವನು ನೆರೆಮನೆಯ ಹಾರ್ಲನ್. ಹಳೇ ಕಾರಿನ ಎಂಜಿನ್ನಿಗೆ ಗುಜರಿ ಟ್ರ್ಯಾಕ್ಟರಿನ ಗೇರ್‌ಬಾಕ್ಸು ಕೂಡಿಸಿ, ಚೈನಿನ ಮೇಲೆ ತೆವಳುವ ಕರುವಿನೆತ್ತರದ ಡೋಜರೊಂದನ್ನು ಹನ್ನೆರಡು ವರ್ಷದಿಂದ ಕಟ್ಟುತ್ತಿದ್ದಾನೆ. ಕಟ್ಟಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. “ಮುಗೀತೇನೋ?” ಎಂದು ಯಾರು ಕೇಳಿದರೂ “ಇನ್ನೊಂದು ಚೂರಿದೆ” ಎನ್ನುತ್ತಾನೆ. ಚರ್ಚಿನಲ್ಲಿ ಪ್ರಾರ್ಥನೆ ನಡೆದಿರುವಾಗಲೂ ಅವನ ಬೆರಳು ಮೊಣಕಾಲ ಮೇಲೆ ಯಾವುದೋ ಬೋಲ್ಟು ತಿರುಗಿಸುತ್ತಿರುತ್ತದೆ. “ನಾನು ಸತ್ರೆ ನನ್ನನ್ನೂ ಬಿಚ್ಚಿ ನೋಡ್ತಾನೆ ಈ ಮಹಾರಾಯ” ಎಂದು ಅವನ ಹೆಂಡತಿ ವರ್ನಾ ನಗುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಎಲೆ ಉದುರುವ ಹೊತ್ತಿಗೆ ಹಾರ್ಲನ್, ಡೋಜರಿನ ಮುಂದೆ ಹಿಮ ತಳ್ಳಲು ಹಾಕಿದ್ದ, ಚೆನ್ನಾಗಿದ್ದ ಬ್ಲೇಡಿನ ಎರಡೂ ತುದಿ ಕೊಯ್ದು ಒಂದು ಗೇಣು ಕಿರಿದು ಮಾಡಿದ. “ಅಳತೆ ತಪ್ಪಿದೀಯಲ್ಲೋ! ಒಂದೇ ಸಲಕ್ಕೆ ಹೋಗೋ ಹಿಮಕ್ಕೆ ಇನ್ನು ಎರಡೆರಡು ಸಲ ಓಡಾಡು” ಎಂದು ಲೂಥರ್ ಛೇಡಿಸಿದ. ಮೊದಲ ಹಿಮ ಸೊಂಟದೆತ್ತರ ಬಿತ್ತು. ಊರಿನ ಹಿಮ ತೆಗೆಯುವ ಲಾರಿ ಎಂದಿನಂತೆ ಸ್ಮಶಾನದ ಗೇಟಿನ ತನಕ ಬಂದು ತಿರುಗಿಕೊಂಡಿತು. ಅದರಾಚೆಗೆ ವಸಂತ ಬರುವವರೆಗೂ ಯಾರೂ ಕಾಲಿಡುವುದಿಲ್ಲ. ಎಂಜಿನ್ ಸದ್ದು ಕೇಳಿ ಲೂಥರ್ ಹೋಗಿ ನೋಡಿದರೆ, ಗೇಟಿನ ಎರಡು ಕಲ್ಲುಗಂಬಗಳ ನಡುವೆ ಅತ್ತ ಎರಡು ಬೆರಳು, ಇತ್ತ ಎರಡು ಬೆರಳು ಬಿಟ್ಟು, ಹಿಮ ಸರಿಸಿದ ಬ್ಲೇಡಿನಗಲದ ದಾರಿಯೊಂದು ನೇರ ವರ್ನಾಳ ಸಮಾಧಿಕಲ್ಲಿನವರೆಗೆ ಹೋಗಿತ್ತು. ಹಾರ್ಲನ್ ಕೈಗವಸಿನಿಂದ ಕಲ್ಲಿನ ಹಿಮ ಒರೆಸುತ್ತಿದ್ದ. ಅವಳ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನೂ ಕೆತ್ತಲಾಗಿತ್ತು. ಅವನ ಸಾವಿನ ವರ್ಷದ ಜಾಗ ಮಾತ್ರ ಖಾಲಿ. ಲೂಥರ್ ಹಳೇ ಪ್ರಶ್ನೆಯನ್ನೇ ಕೇಳಿದ: “ಮುಗೀತೇನೋ?” ಹಾರ್ಲನ್ ಆ ಖಾಲಿ ಜಾಗವನ್ನು ಇನ್ನೊಮ್ಮೆ ಒರೆಸಿದ. “ಇನ್ನೊಂದು ಚೂರಿದೆ.”