ಮೊಳೆಬಾಯಿಯ ಬಲಗೈ

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ ಅವನದು. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಬಡಿಯುತ್ತ ಹೋಗುತ್ತಿದ್ದ. ಹುಟ್ಟಿನಿಂದಲೂ ಅವನಿಗೆ ಕಿವಿ ಕೇಳಿಸದು. ಹಾಗೆಂದು ಆಸಾಮಿ ಮೌನಿ ಎಂದುಕೊಂಡರೆ ಕೆಟ್ಟಿರಿ. ಕೈಯಲ್ಲಿ ಮಾತು ಶುರುಮಾಡಿದನೆಂದರೆ ಎದುರಿನವರಿಗೆ ಉಸಿರಾಡಲೂ ಬಿಡುತ್ತಿರಲಿಲ್ಲ.

"ಬಾಯಲ್ಲಿ ಮೊಳೆ ಇಟ್ಕೊಂಡು ನೀವು ಮಾತಾಡಿ ನೋಡೋಣ. ನಾನಾದ್ರೆ ಜಗಳಾನೂ ಆಡ್ತೀನಿ," ಎಂದು ಕೈಸನ್ನೆಯಲ್ಲೇ ಗಿರಾಕಿಗಳನ್ನು ಛೇಡಿಸುತ್ತಿದ್ದ.

ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅವಳು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮದುವೆಗೆ ಮುಂಚೆಯೇ ಅವಳಿಗೊಂದು ಕೈಹೆಸರು ಇಟ್ಟವನು ಅವನೇ: ಐದೂ ಬೆರಳು ನೆಟ್ಟಗೆ ಚಾಚಿ, ಬಲ ಅಂಗೈಯನ್ನು ಕೆನ್ನೆಯ ಪಕ್ಕ ಮೆಲ್ಲಗೆ ಸವರಿ ಇಳಿಸುವುದು. ಮಗಳೊಬ್ಬಳಿಗೇ ಕಿವಿ ಕೇಳುತ್ತಿತ್ತು. ಶಾಲೆಯಲ್ಲಿ ಗಣಿತ ಹೇಳಿಕೊಡುವ ಆಕೆ ಚಿಕ್ಕಂದಿನಿಂದಲೂ ಅಪ್ಪ ಅಮ್ಮನಿಗೂ ಹೊರಗಿನವರಿಗೂ ನಡುವೆ ನಿಂತು ಮಾತು ದಾಟಿಸಿದವಳು.

ಐವತ್ತು ದಾಟುತ್ತಿದ್ದಂತೆ ಅವನ ಎರಡೂ ಅಂಗೈಗಳ ಚರ್ಮದಡಿ ಹುರಿಯಂಥದ್ದೇನೋ ಬಿಗಿಯತೊಡಗಿತು. ಉಂಗುರದ ಬೆರಳು, ಕಿರುಬೆರಳು ಒಳಕ್ಕೆ ಮಡಚಿಕೊಂಡು ಅಲ್ಲೇ ಕೂತವು. ಸುತ್ತಿಗೆ ಹಿಡಿಯಲು ಹೇಗೋ ಆಗುತ್ತಿತ್ತು. ಮಾತೇ ಕೆಟ್ಟುಹೋಯಿತು. 'ನಾಳೆ' ಎಂದರೆ ಹೆಂಡತಿಗೆ 'ಬೇಡ' ಎಂದು ಕಾಣುತ್ತಿತ್ತು. ಕೆನ್ನೆಯ ಪಕ್ಕ ಕೈ ಇಳಿಸಿದರೆ ಅವಳ ಹೆಸರಾಗುತ್ತಿರಲಿಲ್ಲ, ಬೆಕ್ಕು ಪರಚಿದಂತಾಗುತ್ತಿತ್ತು.

ಆಸ್ಪತ್ರೆಯಲ್ಲಿ ಕೈ ನೋಡುವ ಡಾಕ್ಟರಮ್ಮ ಮಗಳಿಗೆ ವಿವರಿಸಿದಳು: "ಒಂದು ಇಂಜೆಕ್ಷನ್ ಇದೆ. ಅದರಲ್ಲಿರೋ ಕಿಣ್ವ ಆ ಹುರೀನ ಮೆತ್ತಗೆ ಮಾಡುತ್ತೆ. ಮಾರನೇ ದಿನ ನಾನು ಬೆರಳು ಹಿಡಿದು ಎಳೀತೀನಿ, ಪಟ್ ಅಂತ ಬಿಚ್ಕೊಳ್ಳುತ್ತೆ. ಎಡಗೈ ಜಾಸ್ತಿ ಕೆಟ್ಟಿದೆ, ಅದು ಮೊದಲು ಆಗಲಿ. ಬಲಗೈ ಆಮೇಲೆ."

ಹೇಳಿದಂತೆಯೇ ಆಯಿತು. ಎಡಗೈ ಬೆರಳುಗಳು ಹಲಗೆಯಂತೆ ನೆಟ್ಟಗಾದವು. ಅವನು ಬಸ್ಸಿನ ತುಂಬ ಕಂಡ ಕಂಡವರಿಗೆಲ್ಲ ಅಂಗೈ ತೋರಿಸುತ್ತ ಬಂದ.

ಬಲಗೈ ಸರದಿ ಬಂದಾಗ ಡಾಕ್ಟರಮ್ಮನ ಮುಖ ಇಳಿದಿತ್ತು. ಔಷಧಿಯೇ ಬರುತ್ತಿಲ್ಲ. ಅದನ್ನು ತಯಾರಿಸುವುದು ದೂರದೇಶದ ಕಂಪನಿ. ಆ ಕಂಪನಿ ತಾನೇ ಎಲ್ಲೂ ಮಾರುವುದಿಲ್ಲ, ದೇಶಕ್ಕೊಬ್ಬ ಪಾಲುದಾರನಿಗೆ ಲೈಸೆನ್ಸ್ ಕೊಡುತ್ತದೆ. ಇಲ್ಲಿಯ ಪಾಲುದಾರರು ಲಾಭ ಸಾಲದೆಂದು ಲೈಸೆನ್ಸ್ ವಾಪಸ್ ಕೊಟ್ಟಿದ್ದರು. ಮೂಲ ಕಂಪನಿ ಹೊಸಬರನ್ನು ಹುಡುಕುವ ಗೋಜಿಗೇ ಹೋಗಿರಲಿಲ್ಲ. ಅದೇ ಕಿಣ್ವವನ್ನು ತೊಡೆಯ ಚರ್ಮ ನುಣುಪು ಮಾಡುವ ಸೌಂದರ್ಯ ಚಿಕಿತ್ಸೆಗೆಂದು ಇನ್ನೊಬ್ಬ ಪಾಲುದಾರನಿಗೆ ಕೊಟ್ಟು ಅದರ ಹಿಂದೆ ಬಿದ್ದಿತ್ತು.

"ತೊಡೆಗಾ?" ಮೊಳೆಬಾಯಿ ಎಡಗೈಯಲ್ಲಿ ಕೇಳಿದ. ಮಗಳು ಹೌದೆಂದು ತಲೆಯಾಡಿಸಿದಳು. ಅವನ ಕಿವಿಯ ತುದಿಯವರೆಗೂ ರಕ್ತ ಏರಿತು.

ಲೈಸೆನ್ಸ್ ವಾಪಸ್ ಕೊಟ್ಟ ಪಾಲುದಾರರ ಕಚೇರಿ ಊರೊಳಗೇ ಇತ್ತು. ಹಟ ಹಿಡಿದು ಮಗಳನ್ನು ಎಳೆದುಕೊಂಡು ಹೋದ. ಗಾಜಿನ ಮೇಜಿನಾಚೆ ಕುಳಿತ ಮ್ಯಾನೇಜರು ಇಬ್ಬರಿಗೂ ನೀರು ತರಿಸಿದ. ಮೊಳೆಬಾಯಿಯ ಕೈ ಗಾಳಿಯನ್ನು ಸೀಳಿತು: "ಒಂದು ಕೈ ಬಿಡಿಸಿ ಇನ್ನೊಂದನ್ನ ಕಟ್ಟಿಹಾಕಿ ಓಡಿಹೋದ್ರಲ್ಲ, ನಿಮಗೆ ನಾಚಿಕೆ ಮಾನ ಮರ್ಯಾದೆ ಏನಾದ್ರೂ ಇದೆಯಾ?"

"ಅಪ್ಪನಿಗೆ ಸ್ವಲ್ಪ ಬೇಜಾರಾಗಿದೆ ಸರ್," ಎಂದಳು ಮಗಳು.

ಮ್ಯಾನೇಜರು ನಕ್ಕ. ಆ ನಗು ನೋಡಿದ್ದೇ ಮೊಳೆಬಾಯಿಗೆ ಎಲ್ಲ ತಿಳಿಯಿತು. ಅಷ್ಟುದ್ದದ ಬೈಗುಳಕ್ಕೆ ಮಗಳ ತುಟಿ ಇಷ್ಟೇ ಇಷ್ಟು ಆಡಿತ್ತು. ಅವನು ಅವಳತ್ತ ತಿರುಗಿದ.

"ನನ್ನ ಮಾತನ್ನ ಒಗೆದು ಇಸ್ತ್ರಿ ಮಾಡಿ ಕೊಡ್ತಿದ್ದೀಯಾ? ನಾನು ಹೇಗೆ ಹೇಳ್ತೀನೋ ಹಾಗೇ ಹೇಳು."

"ಅಪ್ಪಾ, ಅವರು ಬರೀ ಕೆಲಸದವರು—"

"ನಾನೂ ಕೆಲಸದವನೇ. ಅರ್ಧ ಸೋಫಾ ಹೊಲಿದು ಬೀದಿಲಿ ಬಿಟ್ಟುಹೋದ್ರೆ ಜನ ನನ್ನನ್ನ ಏನಂತಾರೆ?"

ಮಗಳ ಕಣ್ಣು ತುಂಬಿತು. ಆದರೆ ಧ್ವನಿ ಗಟ್ಟಿಯಾಯಿತು. ಈ ಸಲ ಅವಳು ಒಂದಕ್ಷರವನ್ನೂ ನುಣುಪು ಮಾಡಲಿಲ್ಲ. ಪಕ್ಕದ ಮೇಜಿನವರು ಕತ್ತೆತ್ತಿ ನೋಡಿದರು. ಮ್ಯಾನೇಜರನ ನಗು ಒಣಗಿತು.

"ನೋಡಿ, ರೋಗ ನಾವು ಕೊಟ್ಟಿದ್ದಲ್ಲ," ಎಂದ.

"ಔಷಧಿ ಕೊಟ್ಟಿದ್ದು ನೀವು. ಪೂರ್ತಿ ಕೊಡಿ."

"ಲೈಸೆನ್ಸ್ ಈಗ ನಮ್ಮ ಹತ್ರ ಇಲ್ಲ. ಮೂಲ ಕಂಪನಿಯವರನ್ನೇ ಕೇಳಬೇಕು."

"ಅವರು ಎಲ್ಲಿದ್ದಾರೆ?"

ಮ್ಯಾನೇಜರು ಕೈ ಚೆಲ್ಲಿದ. ಅವನ ಹತ್ತೂ ಬೆರಳು ಎಷ್ಟು ಸಲೀಸಾಗಿ ಬಿಚ್ಚಿಕೊಂಡವು! ಮೊಳೆಬಾಯಿಗೆ ಆ ಕೈಗಳನ್ನು ಹಿಡಿದು ತಿರುಚಿಬಿಡಬೇಕು ಎನಿಸಿತು. ಹಾಗೆ ಎನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು. ನೀರನ್ನು ಮುಟ್ಟದೆ ಎದ್ದು ಬಂದ.

ಡಾಕ್ಟರಮ್ಮ ಮೊದಲೇ ಹೇಳಿದ್ದಳು, ಕತ್ತರಿಸಿ ಮಾಡುವ ಆಪರೇಷನ್ ಇದ್ದೇ ಇದೆ ಎಂದು. ಆದರೆ ಪರಿಚಯದವನೊಬ್ಬನಿಗೆ ಅದಾದ ಮೇಲೆ ಬೆರಳು ಮರಗಟ್ಟಿದ್ದನ್ನು ಮೊಳೆಬಾಯಿ ಕಣ್ಣಾರೆ ನೋಡಿದ್ದ. ಮರಗಟ್ಟಿದ ನಾಲಿಗೆ ಯಾರಿಗೆ ಬೇಕು? ಮುಂದೂಡುತ್ತ ಹೋದ. ಅಂಗಡಿಯಲ್ಲಿ ಸುಮ್ಮಸುಮ್ಮನೆ ರೇಗಿದ, ಹಳೆಯ ಗಿರಾಕಿಯೊಬ್ಬಳ ಕುರ್ಚಿಯನ್ನು ಒದ್ದ.

ಒಂದು ಸಂಜೆ ಹೆಂಡತಿ ಅಡುಗೆಮನೆಯ ದೀಪದಡಿ ಅವನೆದುರು ಕೂತಳು. ಮುಷ್ಟಿ ಹಿಡಿದು ಕೆನ್ನೆಗೆ ಎರಡು ಸಲ ತಾಗಿಸಿದಳು.

"ಇದೇನು?" ಎಂದ.

"ನನ್ನ ಹೊಸ ಹೆಸರು. ಇದಕ್ಕೆ ಬೆರಳು ಬಿಚ್ಚೋದೇ ಬೇಡ. ನಿನಗೆ ಸುಲಭ ಆಗುತ್ತೆ."

ಅವನು ಮೇಜು ಗುದ್ದಿದ. ತಟ್ಟೆಗಳು ಹಾರಿ ಬಿದ್ದವು. "ಯಾವನೋ ಲೈಸೆನ್ಸ್ ವಾಪಸ್ ಕೊಟ್ಟ ಅಂತ ನಿನ್ನ ಹೆಸರು ಬದಲಾಯಿಸಬೇಕಾ? ನಿನ್ನ ಹೆಸರೂ ಅವರದ್ದೇನಾ?"

ಹೆಂಡತಿ ಹೆದರಲಿಲ್ಲ. "ಹಾಗಾದ್ರೆ ಆಪರೇಷನ್ ಮಾಡಿಸ್ಕೋ. ಕುರ್ಚಿ ಒದೀಬೇಡ," ಎಂದಳು.

ಮಾಡಿಸಿಕೊಂಡ. ಅಂಗೈಯಲ್ಲಿ ಅಂಕುಡೊಂಕು ಹೊಲಿಗೆ, ತಿಂಗಳುಗಟ್ಟಲೆ ಪಟ್ಟಿ, ಕಣ್ಣಲ್ಲಿ ನೀರು ಬರಿಸುವ ವ್ಯಾಯಾಮ. ಉಂಗುರದ ಬೆರಳು ನೆಟ್ಟಗಾಯಿತು. ಕಿರುಬೆರಳು ಅರ್ಧಕ್ಕೆ ನಿಂತಿತು, ಅದರ ತುದಿಗೆ ಈಗ ಬಿಸಿ ತಂಪು ತಿಳಿಯುವುದಿಲ್ಲ. ಆದರೂ ಹೆಂಡತಿಯ ಹೆಸರು ಹೆಸರಿನಂತೆ ಕಾಣತೊಡಗಿತು. ಅವಳು ನಕ್ಕಳು. ಅವನು ನಗಲಿಲ್ಲ, ಮತ್ತೊಮ್ಮೆ ಹೇಳಿದ.

"ಅಂತೂ ಆಯ್ತಲ್ಲಪ್ಪ. ಇನ್ನಾದ್ರೂ ಸಿಟ್ಟು ಬಿಡು," ಎಂದಳು ಮಗಳು.

"ಬೆರಳು ಬಿಡಿಸಿದ್ದು ಡಾಕ್ಟರಮ್ಮ. ಆ ಕಂಪನಿಯವರ ಮೇಲಿನ ಸಿಟ್ಟು ಯಾಕೆ ಬಿಡ್ಲಿ?"

ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಲಾರಿ ಡ್ರೈವರು ಪರಿಚಯವಾಗಿದ್ದ. ಅವನ ಎರಡೂ ಕೈಯ ಬೆರಳು ಮಡಚಿಕೊಂಡಿದ್ದವು. ಸಕ್ಕರೆ ಕಾಯಿಲೆಯಿಂದ ಗಾಯ ಬೇಗ ಮಾಯುವುದಿಲ್ಲವೆಂದು ಡಾಕ್ಟರುಗಳು ಅವನಿಗೆ ಆಪರೇಷನ್ ಮಾಡಲು ಹಿಂಜರಿಯುತ್ತಿದ್ದರು. ಅವನಿಗೆ ಆ ಇಂಜೆಕ್ಷನ್ನೇ ಗತಿ. ಮುಂದಿನ ಸೋಮವಾರ ಮೊಳೆಬಾಯಿ ಅಂಗಡಿಗೆ ಬೀಗ ಹಾಕಿ, ಡ್ರೈವರನ್ನೂ ಮಗಳನ್ನೂ ಕರೆದುಕೊಂಡು, ಆ ಇಂಜೆಕ್ಷನ್ ಮತ್ತೆ ತರಿಸಿ ಎಂದು ಕೇಳಲು ಔಷಧಿಗಳ ಉಸ್ತುವಾರಿ ನೋಡುವ ಸರ್ಕಾರಿ ಕಚೇರಿಗೆ ಹೋದ. ಅಧಿಕಾರಿ ಸಿಗಲಿಲ್ಲ. ಗೋಡೆಗೊರಗಿಸಿದ್ದ, ಹೊದಿಕೆ ಹರಿದ ಬೆಂಚಿನ ಮೇಲೆ ಮೂವರೂ ಕೂತರು.

"ಸಾಹೇಬ್ರು ಯಾವಾಗ ಬರ್ತಾರೋ ಗೊತ್ತಿಲ್ಲ," ಎಂದ ಜವಾನ.

ಮಗಳು ಅದನ್ನು ಕೈಯಲ್ಲಿ ಹೇಳಿದಳು. ಅಪ್ಪನ ಉತ್ತರ ನೋಡಿ, ಜವಾನನತ್ತ ತಿರುಗಿ, ಇದ್ದದ್ದು ಇದ್ದಂತೆ ದಾಟಿಸಿದಳು: "ಬರೋ ತನಕ ಇಲ್ಲೇ ಇರ್ತೀವಿ. ಇವತ್ತು ಬರದಿದ್ರೆ ನಾಳೆ. ನಿಮ್ಮ ಸಾಹೇಬ್ರಿಗೆ ಹೋಗಿ ಹೇಳು."