ಗೋಡೆಗೂ ಒಂದು ಬೊಟ್ಟು

ಆಯುಧಪೂಜೆಯ ಮರುದಿನ ನಮ್ಮ ಮನೆಯಲ್ಲಿ ನನಗೊಂದು ಕೆಲಸ ಕಾದಿರುತ್ತದೆ. ಹಿಂದಿನ ದಿನ ಭಕ್ತಿಯ ಭರದಲ್ಲಿ ಕಂಡಕಂಡದ್ದಕ್ಕೆಲ್ಲ ಇಟ್ಟ ಕುಂಕುಮದ ಬೊಟ್ಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವ ಕೆಲಸ. ಮಿಕ್ಸಿಯ ಹಣೆ, ಗ್ರೈಂಡರಿನ ಹೊಟ್ಟೆ, ಸಿಲಿಂಡರಿನ ಭುಜ, ಈಳಿಗೆಮಣೆಯ ಮೂಗು, ಕೊನೆಗೆ ಬಾಗಿಲ ಹಿಂದೆ ನಾಚಿ ನಿಂತ ಕಸಪೊರಕೆಯ ಹಿಡಿ. ಇಡುವಾಗ ಮನೆಮಂದಿಗೆಲ್ಲ ಉತ್ಸಾಹ. ಒರೆಸುವ ಹೊತ್ತಿಗೆ ಎಲ್ಲರಿಗೂ ಬೇರೆ ಕೆಲಸ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ಹೇಳಿಕೊಳ್ಳುವುದಿಲ್ಲ ಅಷ್ಟೆ.

ನಾವಿರುವುದು ಬಾಗಲಗುಂಟೆಯಲ್ಲಿ, ನೆಲಮಹಡಿಯ ಬಾಡಿಗೆ ಮನೆ. ನಮ್ಮವರಿಗೆ ಪೀಣ್ಯದಲ್ಲಿ ಒಂದು ಲೇತಿನ ಶೆಡ್ಡು. ಅಲ್ಲಿ ಮೆಷಿನ್ನುಗಳಿಗೆ ಚೆಂಡುಹೂವಿನ ಹಾರ, ಬೂದುಗುಂಬಳ, ಹುಡುಗರಿಗೆ ಸ್ವೀಟು ಬಾಕ್ಸು. ಇಲ್ಲಿ ಮನೆಯಲ್ಲಿ ಮೇಲೆ ಹೇಳಿದ ಪಾತ್ರೆಪಡಗ, ಮತ್ತು ನಮ್ಮ ಮಾವನವರ ಒಂಟಿ ನಳಿಗೆಯ ತೋಟಾ ಕೋವಿ.

ಮಾವನವರದು ಮಾಗಡಿ ಕಡೆ ಕಾಡಂಚಿನ ಊರು. ಬೆಳೆ ಕಾಯಲೆಂದು ಕೋವಿಗೆ ಲೈಸೆನ್ಸು ಬಂದದ್ದು ಅವರ ಹರೆಯದಲ್ಲಿ, ಬೇಟೆಯಿನ್ನೂ ಅಪರಾಧವಾಗಿರದ ಕಾಲದಲ್ಲಿ. ಈಗ ಜಿಂಕೆಯ ಮೈಗೆ ಕೈ ತಾಗಿಸಿದರೂ ಜೈಲು, ಅದು ಸರಿಯೂ ಹೌದು. ಆದರೆ ಮುದ್ದೆ ಉಂಡು ಜಗಲಿಯಲ್ಲಿ ಕೂತರೆ ಅವರ ಬಾಯಿಗೆ ಬರುತ್ತಿದ್ದುದು ಜಿಂಕೆಯ ಮಾತೇ. ತೋಟಾದಲ್ಲಿ ಎರಡು ಬಗೆಯಂತೆ. ಒಂದರಲ್ಲಿ ಸಾಸಿವೆಯಂಥ ಚರೆ ತುಂಬಿರುತ್ತದೆ, ಹೊಡೆದರೆ ಹರಡಿಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಇರುವುದು ಹೆಬ್ಬೆರಳ ಗಾತ್ರದ ಒಂದೇ ಒಂದು ಸೀಸದ ಗುಂಡು. "ಜಿಂಕೆಗೆ ಚರೆ ಹೊಡೆಯೋನು ಬೇಟೆಗಾರ ಅಲ್ಲ ಕಣವ್ವ, ಪಾಪಿ," ಎನ್ನುತ್ತಿದ್ದರು. "ಅದು ಚರೆ ಮೈಯಾಗೆ ಇಟ್ಕಂಡೇ ಓಡೋಯ್ತದೆ. ಎಲ್ಲೋ ಪೊದೆಯಾಗೆ ಬಿದ್ದು ಸಾಯ್ತದೆ, ಕಾಗೆ ಬಂದು ಯೋಳ್ಬೇಕು ನಮಗೆ. ಗುಂಡಾದ್ರೆ ಅಂಗಲ್ಲ, ನಿಂತ ಜಾಗದಾಗೇ ಮಲಿಕ್ಕಂತದೆ."

ಆದರೆ ಗುಂಡಿಗೊಂದು ಕೆಟ್ಟ ಗುಣವಿದೆಯಂತೆ. ಗುರಿ ತಪ್ಪಿದರೆ ಅದು ಚರೆಯ ಹಾಗೆ ಬೇಗ ಸುಸ್ತಾಗುವುದಿಲ್ಲ. ಹೋಗುತ್ತಲೇ ಇರುತ್ತದೆ, ಏನಾದರೂ ತಡೆಯುವವರೆಗೆ. ಹಾಗಾಗಿ ಅವರ ಅಪ್ಪ ಬೆನ್ನಿಗೆ ಗುದ್ದಿ ಕಲಿಸಿದ ಪಾಠ ಒಂದೇ. ಕೋವಿ ಎತ್ತಿದಾಗ ಪಕ್ಕದಲ್ಲಿ ಕೂತವನು ಪಿಸುದನಿಯಲ್ಲಿ ಕೇಳಬೇಕು: "ಇಂದೆ ಏನೈತೆ?" ಜಿಂಕೆಯ ಹಿಂದೆ ದಿಬ್ಬವಿದ್ದರೆ "ದಿಬ್ಬ" ಎಂದು ಉತ್ತರ ಕೊಟ್ಟು ಹೊಡೆಯಬೇಕು. ಬಯಲೋ ದಾರಿಯೋ ಇದ್ದರೆ ಎಂಥ ಕೊಂಬಿನ ಜಿಂಕೆಯಾದರೂ ಕೋವಿ ಇಳಿಸಬೇಕು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಹುರುಳಿಕಾಯಿ ಸೋಸುತ್ತ, ಕೇಳಿಸಿಕೊಳ್ಳದೆಯೇ "ಹ್ಞೂಂ ಮಾವ" ಎನ್ನುವುದು ಅಭ್ಯಾಸವಾಗಿತ್ತು.

ಭಯದಲ್ಲೂ ಈ ಎರಡು ಬಗೆ ಇವೆ ಎಂದು ನನಗೆ ಈಚೆಗೆ ಅನ್ನಿಸುತ್ತದೆ. ನಮ್ಮ ದಿನದ ಭಯಗಳೆಲ್ಲ ಚರೆಯಂಥವು: ನೀರಿನ ಟ್ಯಾಂಕರ್ ಬರಲಿಲ್ಲ, ಮಗಳ ಫೋನು ಸ್ವಿಚ್ ಆಫ್ ಬರುತ್ತಿದೆ, ಶೆಡ್ಡಿನಲ್ಲಿ ಯಾರದೋ ಬೆರಳು ಮೆಷಿನ್ನಿಗೆ ಸಿಕ್ಕಿತಂತೆ. ಅವು ಚರ್ಮದ ಕೆಳಗೆ ಸೇರಿಕೊಂಡು ಚುಚ್ಚುತ್ತವೆ, ನಾವು ಅವನ್ನು ಹೊತ್ತುಕೊಂಡೇ ಒಗ್ಗರಣೆ ಹಾಕುತ್ತೇವೆ. ಗುಂಡಿನಂಥ ಭಯ ಬೇರೆ. ಅದು ಒಂದೇ ಬರುತ್ತದೆ, ನಿಂತ ಜಾಗದಲ್ಲೇ ನಿಲ್ಲಿಸಿಬಿಡುತ್ತದೆ.

ಕೋವಿಯ ಪೂಜೆಗೆ ಮಾವನವರದೇ ಒಂದು ಪದ್ಧತಿ. ಬರಿಗೊಡಕ್ಕೆ ಹೇಗೆ ಪೂಜೆಯಿಲ್ಲವೋ ಹಾಗೆ ಬರಿಗೋವಿಗೂ ಇಲ್ಲ ಎಂಬುದು ಅವರ ಮನೆತನದ ನಂಬಿಕೆ. ಆದ್ದರಿಂದ ಒಂದು ಗುಂಡಿನ ತೋಟಾ ತುಂಬಿ, ಮಣೆಯ ಮೇಲೆ ಪೂರ್ವಕ್ಕೆ ಬಾಯಿ ಮಾಡಿ ಮಲಗಿಸಿ, ಮಂಗಳಾರತಿ ಆಗುತ್ತಿದ್ದ ಹಾಗೆ ತೆಗೆದು, ಆ ತೋಟಾಕ್ಕೂ ಬೊಟ್ಟಿಟ್ಟು ತಾಂಬೂಲದ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಇಡುತ್ತಾರೆ. ಆಮೇಲೆ ಮರುದಿನದ ಪೂಜೆಯವರೆಗೆ ಯಾವ ಆಯುಧವನ್ನೂ ಮುಟ್ಟುವ ಹಾಗಿಲ್ಲ. ಮರುದಿನ ದೀಪ ತೋರಿಸಿದ ಮೇಲೆ ಮಾವ ಕೋವಿಯನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಖಾಲಿ ಕೋವಿಯ ಕುದುರೆ ಎಳೆಯುತ್ತಾರೆ. ಟಕ್! ಆ ಸದ್ದಿಗೆ ನಮ್ಮ ಮನೆಯ ಹಬ್ಬ ಮುಗಿಯುತ್ತದೆ.

ಊರಿನ ಮನೆಯಲ್ಲಿ ಪೂರ್ವಕ್ಕೆ ಗುಡ್ಡವಿತ್ತು. ಬಾಗಲಗುಂಟೆಯಲ್ಲಿ ಪೂರ್ವಕ್ಕೆ ಶರಣಮ್ಮನ ಮನೆ.

ಶರಣಮ್ಮ ಯಾದಗಿರಿ ಕಡೆಯ ಹುಡುಗಿ, ಗಂಡನಿಗೆ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ಹಾಲಿಗೂ ಅವರ ಒಂಟಿ ಕೋಣೆಗೂ ನಡುವೆ ಇರುವುದು ಟೊಳ್ಳು ಇಟ್ಟಿಗೆಯ ತೆಳ್ಳನೆ ಗೋಡೆ. ಅತ್ತ ಅವಳು ಸೀನಿದರೆ ಇತ್ತ ನಾನು "ಚಿರಾಯು" ಎನ್ನುತ್ತೇನೆ. ಬಾಣಂತನ ಮುಗಿಸಿ ತವರಿನಿಂದ ಬಂದವಳು ಆ ಗೋಡೆಗೆ ಒತ್ತಿಕೊಂಡೇ ಸೀರೆಯ ಜೋಲಿ ಕಟ್ಟಿದ್ದಳು. ತೂಗಿದಾಗೆಲ್ಲ ಅದರ ಕೊಂಡಿ ಕಿರ್ ಕಿರ್ ಎಂದು ನಮ್ಮ ಮನೆಯಲ್ಲಿ ಕೇಳುತ್ತಿತ್ತು.

ಹೋದ ವರ್ಷದ ಪೂಜೆಯ ದಿನ, ಮಂಗಳಾರತಿಯ ಗಂಟೆ ಕೇಳಿ ಅವಳು ಕೂಸನ್ನೆತ್ತಿಕೊಂಡು ಬಂದಳು. "ಅಕ್ಕಾರ, ಕೂಸಿಗೆ ಅಜ್ಜಾರ ಕಡಿಂದ ವಿಭೂತಿ ಹಚ್ಚಸ್ರಿ." ಮಾವನವರಿಗೆ ಕೂಸೆಂದರೆ ಜೀವ. ಕೈಯಲ್ಲಿದ್ದ ಆರತಿಯನ್ನು ನನಗೆ ಕೊಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದು ಅವರ ಪಂಚೆ ನೆನೆಸಿದಾಗ "ಓಹೋ, ದೊಡ್ಡ ಬೇಟೆಗಾರ ಕಣವ್ವ ನಿನ್ ಮಗ, ಗುರಿ ತಪ್ಪಾಕಿಲ್ಲ!" ಎಂದು ಬಾಯಿತುಂಬ ನಕ್ಕರು. ನಾವೂ ನಕ್ಕೆವು. ಪಂಚೆ ಬದಲಿಸಲು ಅವರು ಒಳಗೆ ಹೋದರು. ಆ ನಗುವಿನಲ್ಲಿ ಏನು ಬಾಕಿ ಉಳಿಯಿತೆಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮವರು ಶೆಡ್ಡಿಗೆ ಹೋಗಿದ್ದರು. ನಾನೂ ಮಾವನೂ ದೀಪ ತೋರಿಸಿದೆವು. ನಾನು ಒಳಗೆ ಮಿಕ್ಸಿ ಒರೆಸಿ, ತಾಂಬೂಲದ ತಟ್ಟೆ ಎತ್ತಲೆಂದು ಹಾಲಿಗೆ ಬಂದೆ. ತಟ್ಟೆಯಲ್ಲಿ ಬಾಡಿದ ಎಲೆಯಿತ್ತು, ಅಡಿಕೆಯಿತ್ತು, ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣಿತ್ತು. ತೋಟಾ ಇರಲಿಲ್ಲ.

ಮಾವ ಡಬ್ಬಿಗೆ ಹಾಕಿಟ್ಟಿರಬೇಕು ಎಂದುಕೊಂಡೆ. ಮನಸ್ಸು ಮೊದಲು ಹುಡುಕುವುದು ತನಗೆ ನೆಮ್ಮದಿಯಾಗುವ ಉತ್ತರವನ್ನೇ. ಆದರೆ ನಿನ್ನೆ ಪಂಚೆ ಬದಲಿಸಲು ಹೋದವರು ಮತ್ತೆ ಕೋವಿ ಮುಟ್ಟಿದ್ದು ಯಾವಾಗ? ತಲೆಯೆತ್ತಿದೆ. ಮಾವ ಆಗಲೇ ಕೋವಿ ಎತ್ತಿ, ಕೆನ್ನೆಗೊತ್ತಿ, ಎಡಗಣ್ಣು ಮುಚ್ಚಿದ್ದರು. ನಳಿಗೆಯ ತುದಿಯಿಂದ ಒಂದು ಚೆಂಡುಹೂವು ತೂಗಾಡುತ್ತಿತ್ತು. ಅದರಾಚೆಗೆ ಗೋಡೆ. ಗೋಡೆಯಾಚೆಗೆ, ಕಿರ್, ಕಿರ್, ಕಿರ್.

ಕಿರುಚಬೇಕೆಂದು ಬಾಯಿ ತೆರೆದೆ. ಕಿರುಚಿದರೆ ಬೆಚ್ಚುತ್ತಾರೆ, ಬೆಚ್ಚಿದರೆ ಬೆರಳು ಬಿಗಿಯುತ್ತದೆ. ಓಡಿ ಹಿಡಿದರೂ ಅಷ್ಟೇ. ಈಚೆಗೆ ಅವರ ಕಿವಿ ಮಂದ, ಮರೆವು ಜಾಸ್ತಿ. "ತೋಟಾ ಐತೆ ಮಾವ" ಎಂದರೆ "ತೆಗ್ದಿವ್ನಿ ಸುಮ್ಕಿರು" ಎಂದು ಕುದುರೆ ಎಳೆದೇ ತೋರಿಸುವ ಹಟವೂ ಉಂಟು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಕುಂಕುಮದ ನೀರು ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆಗ, ಎಂದೂ ಗಮನವಿಟ್ಟು ಕೇಳದ ಆ ಮಾತು, ಹುರುಳಿಕಾಯಿಯ ನಾರಿನೊಡನೆ ಎಸೆದೆನೆಂದುಕೊಂಡಿದ್ದ ಮಾತು, ತಾನಾಗಿ ಬಾಯಿಗೆ ಬಂತು. ಅವರ ಪಕ್ಕಕ್ಕೆ ಹೋಗಿ, ಕಿವಿಯ ಹತ್ತಿರ ಬಾಗಿ, ಪಿಸುದನಿಯಲ್ಲಿ ಕೇಳಿದೆ:

"ಮಾವ, ಇಂದೆ ಏನೈತೆ?"

ಬೆರಳು ನಿಂತಿತು. ಯಾವುದೋ ಪೊದೆಯಲ್ಲಿ, ಯಾವುದೋ ಮುಂಜಾವಿನಲ್ಲಿ, ಪಕ್ಕದಲ್ಲಿ ಕೂತ ಯಾರಿಗೋ ಉತ್ತರ ಕೊಡುವ ಹಾಗೆ ಅವರ ತುಟಿ "ದಿ..." ಎನ್ನಲು ಹೊರಟು ತಡೆದು ನಿಂತಿತು. ಮುಚ್ಚಿದ್ದ ಕಣ್ಣು ತೆರೆಯಿತು. ಗೋಡೆ ನೋಡಿದರು. ಕಿರ್ ಕಿರ್ ಅವರಿಗೆ ಕೇಳಿಸಿತೋ ಇಲ್ಲವೋ ನಾನರಿಯೆ. ನಳಿಗೆ ಮೆಲ್ಲಗೆ ಕೆಳಗಿಳಿಯಿತು.

"ನೋಡ್ನಿಲ್ಲ ಕಣವ್ವ," ಎಂದರು. "ಯಾಕೆ, ಏನೈತೆ?"

"ಶರಣಮ್ಮನ ಕೂಸು ಮಲಗೈತೆ ಮಾವ. ತೋಟಾ ತಟ್ಟೇಲಿಲ್ಲ."

ಅವರು ತಟ್ಟೆ ನೋಡಿದರು, ಕೋವಿ ನೋಡಿದರು. ತೆರೆಯಲು ಕೈ ಹಾಕಿದವರು ನಿಲ್ಲಿಸಿದರು. ತೆರೆಯುವಾಗ ಹಾರಿಬಿಟ್ಟರೆ? ಬಾಯನ್ನು ಯಾವ ಕಡೆಗೆ ಹಿಡಿಯುವುದು? ತೆಂಕಲಿಗೆ ದಾರಿ, ಬಡಗಲಿಗೆ ದರ್ಜಿಯ ಅಂಗಡಿ, ಪಡುವಣಕ್ಕೆ ಇಂಜಿನಿಯರಿಂಗ್ ಹುಡುಗರ ಪೀಜಿ, ತಲೆಯ ಮೇಲೆ ಮನೆ, ಅದರ ಮೇಲೆ ಮನೆ. "ಈ ಊರಾಗೆ ಒಂದು ದಿಬ್ಬಾನೂ ಇಲ್ವಲ್ಲವ್ವ," ಎಂದರು, ದಾರಿ ತಪ್ಪಿದ ಮಗುವಿನ ದನಿಯಲ್ಲಿ. ಮನುಷ್ಯರು ಇಷ್ಟು ಒತ್ತೊತ್ತಾಗಿ ಬದುಕುತ್ತಿದ್ದೇವೆಂಬುದು ನನಗೂ ಅದುವರೆಗೆ ಗೊತ್ತಿರಲಿಲ್ಲ. ಯಾವ ದಿಕ್ಕಿಗೆ ತಿರುಗಿದರೂ ಯಾರೋ ಒಬ್ಬರ ಒಲೆ, ಯಾರೋ ಒಬ್ಬರ ನಿದ್ದೆ.

ಕಾಂಪೌಂಡಿನೊಳಗೆ, ಗೇಟಿನ ಪಕ್ಕ, ಮಾಲೀಕರು ಇನ್ನೊಂದು ಮಹಡಿ ಎತ್ತಲೆಂದು ಸುರಿಸಿದ್ದ ಎಂ ಸ್ಯಾಂಡಿನ ರಾಶಿ ಥಟ್ಟನೆ ನೆನಪಾಯಿತು. ಬಾಗಿಲು ತೆರೆದೆ. ಮೂಗು ನೆಲಕ್ಕೆ ಮಾಡಿದ ಕೋವಿಯನ್ನು ಕೂಸಿನ ಹಾಗೆ ಹಿಡಿದು, ನನ್ನ ಭುಜಕ್ಕೆ ಆತು, ಮಾವ ಹೊರಗೆ ಬಂದರು. ಮರಳಿನ ಬುಡಕ್ಕೆ ನಳಿಗೆ ತಿರುಗಿಸಿ, ಕೋವಿಯನ್ನು ನಡುವೆ ಮಡಚಿದರು. ಕೆಂಪು ಬಣ್ಣದ ತೋಟಾ, ಬೊಟ್ಟಿಲ್ಲದ ತೋಟಾ, ಹಿಂದಕ್ಕೆ ಜಾರಿ ಅವರ ಅಂಗೈಗೆ ಬಿತ್ತು.

ಅಷ್ಟರಲ್ಲಿ ಶರಣಮ್ಮ ಬಕೆಟ್ಟು ಹಿಡಿದು ಹೊರಬಂದಳು. "ಏನ್ರಿ ಅಜ್ಜಾರ, ಉಸುಕಿನ್ಯಾಗ ಜಿಂಕಿ ಅದಾವೇನ್ರಿ?" ಎಂದು ನಕ್ಕಳು. ಮಾವ ನಗಲಿಲ್ಲ. ಮರಳಿನ ರಾಶಿಯ ಮೇಲೆ ಕುಸಿದು ಕೂತು, ಅವಳ ಕಡೆ ಎರಡೂ ಕೈ ಜೋಡಿಸಿದರು. ಏನೆಂದು ತಿಳಿಯದೆ ಆ ಹುಡುಗಿ ಬಕೆಟ್ಟು ಕೆಳಗಿಟ್ಟು ತಾನೂ ಜೋಡಿಸಿತು. ಸಂಜೆ ನಾನೇ ಹೋಗಿ ಎಲ್ಲ ಹೇಳಿದೆ. ಕೇಳಿಸಿಕೊಂಡು ಅವಳು ಎದ್ದು, ಜೋಲಿಯನ್ನು ಬಿಚ್ಚಿ, ಎದುರಿನ ಗೋಡೆಗೆ ಕಟ್ಟಿದಳು. ನಾನು ಕೊಂಡಿ ಹಿಡಿದುಕೊಂಡೆ.

ಕೋವಿ ಈಗ ಮನೆಯಲ್ಲಿಲ್ಲ. ನಮ್ಮವರು ವಾರದೊಳಗೆ ಲೈಸೆನ್ಸಿನ ಸಮೇತ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ಒಪ್ಪಿಸು ಎಂದವರು ಮಾವನೇ. ಜಿಂಕೆಯ ಮಾತನ್ನು ಅವರು ಆಮೇಲೆ ಎತ್ತಿಲ್ಲ. ಈ ವರ್ಷದ ಹಬ್ಬಕ್ಕೆ ಮಣೆಯ ಮೇಲೆ ಈಳಿಗೆಯೂ ಸುತ್ತಿಗೆಯೂ ಇದ್ದವು. ಎಲ್ಲದಕ್ಕೂ ಬೊಟ್ಟಿಟ್ಟು ಮುಗಿಸಿದಾಗ ಬೆರಳಲ್ಲಿ ಒಂದಿಷ್ಟು ಕುಂಕುಮ ಉಳಿದಿತ್ತು. ಪೂರ್ವದ ಗೋಡೆಯ ಹತ್ತಿರ ಹೋಗಿ ಕೂಸಿನ ಹಣೆಯೆತ್ತರಕ್ಕೆ ಅದನ್ನು ಒತ್ತಿದೆ. ಆಚೆ ಆ ಕೂಸು ಈಗ ಗೋಡೆ ಹಿಡಿದು ನಡೆಯಲು ಕಲಿಯುತ್ತಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಒದ್ದೆ ಬಟ್ಟೆ ಹಿಡಿದು ಮಿಕ್ಸಿ, ಗ್ರೈಂಡರು, ಸಿಲಿಂಡರು, ಪೊರಕೆ ಎಲ್ಲವನ್ನೂ ಒರೆಸಿದೆ. ಗೋಡೆಯ ಮುಂದೆ ಬಂದವಳು ಅಲ್ಲಿನ ಬೊಟ್ಟನ್ನು ಹಾಗೇ ಬಿಟ್ಟು, ಬಟ್ಟೆ ಹಿಂಡಿ ತಂತಿಯ ಮೇಲೆ ಹರವಿದೆ.